ನೆಟ್‌ಹ್ಯಾಕ್: ಮೈನ್ಸ್‌ಗೆ ಇಳಿಯುವ ಮುಂಚೆ

ವಿಜಯನಗರದಲ್ಲಿರುವ ಚಿಕ್ಕಪ್ಪನ ಮಗನಿಗೂ ನನಗೂ ನೆಟ್‌ಹ್ಯಾಕ್ ಅನ್ನುವ ಕಂಪ್ಯೂಟರ್ ಆಟದ ವಿಷಯದಲ್ಲಿ ಮುಗಿಯದ ವಾದ. ನೆಲದಡಿಯ ಡಂಜನ್‌ನಲ್ಲಿ ಒಂದೊಂದೇ ಲೆವೆಲ್, ಅಂದರೆ ಅಂತಸ್ತು, ಇಳಿಯುತ್ತಾ ಶತ್ರುಗಳ ಜೊತೆ ಹೊಡೆದಾಡುವ ಆಟ ಅದು. "ಅಣ್ಣಾ, ಮೊದಲ ನಾಲ್ಕು ಲೆವೆಲ್ ಬರೀ ಲಕ್ಕು. ಸಾಯೋದಿದ್ರೆ ಏನ್ ಮಾಡಿದ್ರೂ ಸಾಯ್ತೀವಿ, ಬೇಗ ಇಳಿದುಬಿಡೋದೇ ವಾಸಿ" ಅನ್ನುತ್ತಾನೆ. 1987ರಲ್ಲಿ ಹುಟ್ಟಿದ ಈ ಆಟದಲ್ಲಿ ಸತ್ತರೆ ಮತ್ತೆ ಮೊದಲಿನಿಂದಲೇ ಶುರು, ಹಾಗಾಗಿ ಅವನಿಗೆ ಹಾಗನ್ನಿಸುವುದು ಸಹಜ. ಆದರೆ ಆರಂಭದ ಕಷ್ಟಕ್ಕೂ ಒಂದು ಲೆಕ್ಕವಿದೆ.

ತಾನಾಗಿ ಹುಟ್ಟುವ ಶತ್ರು ಎಷ್ಟು ಬಲದ್ದಿರಬಹುದು ಅನ್ನುವ ಮಿತಿ ಹೀಗೆ: ನಾವಿರುವ ಆಳಕ್ಕೆ, ಅಂದರೆ ಎಷ್ಟನೇ ಅಂತಸ್ತು ಅನ್ನುವುದಕ್ಕೆ, ನಮ್ಮ ಪಾತ್ರದ ಅನುಭವದ ಲೆವೆಲ್ ಕೂಡಿಸಿ ಎರಡರಿಂದ ಭಾಗಿಸಬೇಕು. ಆಳ 5, ಅನುಭವ 1 ಇದ್ದರೆ ಮಿತಿ 3. ಮೇಲೆಯೇ ಕೂತು ಬಲಿತರೆ ಎದುರಾಳಿಯೂ ಬಲಿಯುತ್ತಾನೆ. ಹಾಗಾಗಿ ಮುಖ್ಯ ಡಂಜನ್‌ನಲ್ಲಿ ಚುರುಕಾಗಿ ಇಳಿಯುವುದು ಹುಚ್ಚಾಟವಲ್ಲ, ಅಷ್ಟರಮಟ್ಟಿಗೆ ತಮ್ಮನ ಮಾತು ಸರಿ.

ಪಕ್ಕಕ್ಕೆ ಕವಲೊಡೆಯುವ ಗಣಿಯಾದ ನೋಮಿಷ್ ಮೈನ್ಸ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎರಡರಿಂದ ನಾಲ್ಕನೇ ಲೆವೆಲ್ ಒಳಗೆ ಅದರ ಮೆಟ್ಟಿಲು ಸಿಗುತ್ತದೆ. ಅಲ್ಲಿನ ನೋಮ್‌ಗಳು, ಡ್ವಾರ್ಫ್‌ಗಳು ಅನ್ನುವ ಕುಳ್ಳರು ನಕ್ಷೆಯಲ್ಲೇ ಮೊದಲೇ ಇಟ್ಟವರು. ನಾವು ಎಷ್ಟು ಎಳಸು ಅಂತ ಯಾರೂ ನೋಡುವುದಿಲ್ಲ. ಮಾನವ ವಾಲ್ಕಿರಿ (ಯೋಧೆಯ ಪಾತ್ರ) ಶುರುವಾಗುವುದು ಜೀವದ 16 ಹಿಟ್ ಪಾಯಿಂಟ್‌ನಿಂದ. ಮ್ಯಾಟಕ್ ಅನ್ನುವ ಭಾರಿ ಆಯುಧ ಹಿಡಿದ ಡ್ವಾರ್ಫ್‌ನ ಒಂದೇ ಏಟು 20ರವರೆಗೂ ಹೋಗಬಹುದು. ಅದೇ ಡ್ವಾರ್ಫ್ ಕುಲದ ವಾಲ್ಕಿರಿಯಾದರೆ ಅಲ್ಲಿನವರಲ್ಲಿ ಹೆಚ್ಚಿನವರು ಜಗಳಕ್ಕೇ ಬರುವುದಿಲ್ಲ.

ಮಾನವ ಪಾತ್ರವಿದ್ದಾಗ ನಾನು ಮೇಲಿನ ಲೆವೆಲ್‌ಗಳನ್ನು ಪೂರ್ತಿ ಸುತ್ತಿ, ಒಂದಷ್ಟು ಬಲಿತ ಮೇಲೆಯೇ ಮೈನ್ಸ್‌ಗೆ ಕಾಲಿಡುತ್ತೇನೆ. ಇಳಿದ ಮೇಲೂ ಮೆಟ್ಟಿಲು ಬಿಟ್ಟು ಕದಲುವುದಿಲ್ಲ. ಕತ್ತಲಿಂದ ಕೆಂಪು 'ಎಚ್' (ತೆರೆಯ ಮೇಲೆ ಡ್ವಾರ್ಫ್‌ನ ಗುರುತು ಆ ಅಕ್ಷರ) ಬಂತೋ, ಮೊದಲು ಡ್ಯಾಗರ್ ಎಸೆಯುತ್ತೇನೆ. ಡ್ವಾರ್ಫ್‌ನ ವೇಗ 6, ನಮ್ಮದು 12, ಅಂದರೆ ಅವನ ಒಂದು ಹೆಜ್ಜೆಗೆ ನಮಗೆ ಸರಾಸರಿ ಎರಡು ಸರದಿ. ನಾವಾಗಿ ಹತ್ತಿರ ಹೋಗಬಾರದು, ಅವನೇ ಪಕ್ಕಕ್ಕೆ ಬರಲಿ, ಮೊದಲ ಏಟು ನಮ್ಮದಾಗುತ್ತದೆ. ಸುತ್ತ ಗುಂಪು ಸೇರಿತೋ, ಮೆಟ್ಟಿಲು ಹತ್ತಿಬಿಡುತ್ತೇನೆ. ಪಕ್ಕದಲ್ಲಿ ಅಂಟಿಕೊಂಡಿದ್ದವರು ಮಾತ್ರ ಹಿಂದೆ ಬರಬಲ್ಲರು. ಜೊತೆಗಿರುವ ಸಾಕುನಾಯಿಯನ್ನು ಬೇಕೆಂದೇ ಮೇಲೆ ಬಿಟ್ಟಿರುತ್ತೇನೆ. ಬಂದವನ ಮೇಲೆ ಅದೂ ಎರಗುತ್ತದೆ. ಗೆದ್ದರೆ ಕಬ್ಬಿಣದ ಟೋಪಿ, ಅದೃಷ್ಟವಿದ್ದರೆ ಗುದ್ದಲಿ. ಗುದ್ದಲಿ ಕೈಯಲ್ಲಿದ್ದರೆ ಅಂಗಡಿಯವನು ಒಳಗೆ ಬಿಡುವುದಿಲ್ಲ, ಹೊರಗೇ ಇಟ್ಟು ಹೋಗಬೇಕು.

ತಮ್ಮ ನೆಚ್ಚಿಕೊಳ್ಳುವುದು ಧೂಳಿನಲ್ಲಿ ಶತ್ರುಗಳನ್ನು ಹೆದರಿಸುವ 'ಎಲ್ಬೆರೆತ್' ಅನ್ನುವ ಪದ ಬರೆಯುವುದನ್ನು. ಡ್ವಾರ್ಫ್‌ಗಳು ಅದಕ್ಕೆ ಹೆದರುತ್ತಾರೆ, ನಿಜ. ಆದರೆ 2015ರ 3.6 ಆವೃತ್ತಿಯಿಂದ ಅದರ ಮೇಲೆ ನಿಂತು ಕತ್ತಿ ಬೀಸಿದರೆ ಬರಹ ಅಳಿಸಿಹೋಗುತ್ತದೆ. ಉಸಿರಾಡಲು ಅದು ಸಾಕು, ಹೊಡೆದಾಟಕ್ಕೆ ಆಗದು. ಪ್ರಾರ್ಥನೆಯನ್ನು ನಾನು ಹೆಚ್ಚು ನಂಬುತ್ತೇನೆ: ಜೀವ ಗರಿಷ್ಠ ಮಿತಿಯ ಏಳನೇ ಒಂದು ಭಾಗಕ್ಕಿಂತ ಕೆಳಗೆ, ಇಲ್ಲವೇ 6ಕ್ಕಿಂತ ಕೆಳಗೆ ಬಂದಾಗ ದೇವರು ಪೂರ್ತಿ ವಾಸಿಮಾಡುತ್ತಾನೆ. 300 ಸರದಿ ಕಳೆಯುವವರೆಗೆ ಅದನ್ನು ಮುಟ್ಟುವುದಿಲ್ಲ, ಒಮ್ಮೆ ಬಳಸಿದರೆ ಮತ್ತೆ ಸಾವಿರ ಸರದಿ ಕಾಯುತ್ತೇನೆ.

ಇನ್ನು ನೀಲಿ 'ಇ', ಅಂದರೆ ತೇಲುವ ಕಣ್ಣು. ಅದರ ವೇಗ ಬರೀ 1, ತಾನಾಗಿ ಏನೂ ಮಾಡದು. ಪಕ್ಕದಲ್ಲಿ ನಿಂತು ಹೊಡೆದರೆ ಮಾತ್ರ ನಾವೇ ಮರಗಟ್ಟಿ ನಿಲ್ಲುತ್ತೇವೆ, ಆಗ ಒಂದು ಇಲಿಯೂ ಕೊಲ್ಲಬಹುದು. ಇದೂ ಲಕ್ಕು ಅಂತ ತಮ್ಮ ವಾದಿಸುತ್ತಾನೆ. ದೂರದಿಂದ ಡ್ಯಾಗರ್ ಎಸೆಯೋ, ಇಲ್ಲ ಸುತ್ತಿಕೊಂಡು ಹೋಗೋ ಅಂತ ನಾನು.