ಬಾಡಿಗೆ ಮನೆಯ ರಿಪೇರಿ ಖರ್ಚು: ರಿಟರ್ನ್‌ನಲ್ಲಿ ಕಳೆಯುವುದು ಹೇಗೆ?

ಜುಲೈ ಬಂದರೆ ಕಾಸರಗೋಡಿನ ಕುಂಬಳೆ, ಉಪ್ಪಳ ಕಡೆಯ ಬಾಡಿಗೆ ಮನೆ ಮಾಲೀಕರು ಚೀಲ ತುಂಬ ಬಿಲ್ಲು ಹಿಡಿದು ಆದಾಯ ತೆರಿಗೆ ರಿಟರ್ನ್ ತುಂಬಿಸಲು ಹೊರಡುತ್ತಾರೆ. ಹಂಚು ಬದಲಿಸಿದ್ದು, ಪೈಂಟು, ಪ್ಲಂಬರ್ ಕೂಲಿ, ಬಾವಿಯ ಪಂಪು. ಸುಮ್ನೆ ಭಾರ! ಆ ಬಿಲ್ಲುಗಳನ್ನು ಹಾಕಲು ಫಾರ್ಮಿನಲ್ಲಿ ಜಾಗವೇ ಇಲ್ಲ.

ಮೊದಲು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬಾಡಿಗೆ ಕೂಡಿಸಿ. ವಾಪಸ್ ಕೊಡಬೇಕಾದ ಅಡ್ವಾನ್ಸ್ ಸೇರಿಸಬೇಡಿ.

ಆಮೇಲೆ ಕಟ್ಟಡ ತೆರಿಗೆ ಕಳೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. ಪಂಚಾಯತಿಗೋ ನಗರಸಭೆಗೋ ಕಟ್ಟಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ವಿಲೇಜ್ ಆಫೀಸಿನಲ್ಲಿ ಕಟ್ಟುವ ಭೂತೆರಿಗೆ ಕಂದಾಯ ಇಲಾಖೆಯದ್ದು, ಅದನ್ನು ಕಳೆಯುವ ಹಾಗಿಲ್ಲ. ಎರಡರ ರಶೀದಿಯನ್ನೂ ಒಂದೇ ಕವರಿನಲ್ಲಿಟ್ಟು ಒಟ್ಟು ಮೊತ್ತ ಬರೆಯುವವರಿದ್ದಾರೆ. ಬೇರೆ ಬೇರೆ ಇಡಿ. ತೆರಿಗೆಯನ್ನು ನೀವೇ ಕಟ್ಟಿರಬೇಕು, ಬಾಡಿಗೆದಾರರು ಕಟ್ಟಿದ್ದರೆ ಆಗದು. ಹಳೆ ಬಾಕಿಯಾದರೂ ಸರಿ, ಕಟ್ಟಿದ ವರ್ಷದಲ್ಲೇ ಕಳೆಯಬೇಕು. ಬಾಕಿ ಉಳಿಸಿಕೊಂಡರೆ ಆ ವರ್ಷಕ್ಕೆ ಏನೂ ಸಿಗದು.

ಉಳಿದದ್ದರಲ್ಲಿ ಶೇ. 30 ಕಳೆಯುತ್ತದೆ. ರಿಪೇರಿಗೆ ಸಿಗುವುದು ಇದೇ. ತಿಂಗಳಿಗೆ 10,000 ಬಾಡಿಗೆ ಅಂದರೆ ವರ್ಷಕ್ಕೆ 1,20,000. ಪಂಚಾಯತಿ ತೆರಿಗೆ 4,000 ಎಂದಿಟ್ಟುಕೊಳ್ಳಿ. ಉಳಿದ 1,16,000ಕ್ಕೆ ಶೇ. 30 ಅಂದರೆ 34,800. ಮಳೆಗಾಲದಲ್ಲಿ ಮಾಡು ಸೋರಿ 60,000 ಖರ್ಚಾದರೂ ಅಷ್ಟೇ, ಒಂದು ಬಲ್ಬ್ ಕೂಡ ಬದಲಿಸದಿದ್ದರೂ ಅಷ್ಟೇ. ಯಾರೂ ಬಿಲ್ಲು ಕೇಳುವುದಿಲ್ಲ. ‘ಬಿಲ್ಲು ಕೊಡಿ, ರೀಫಂಡ್ ಮಾಡಿಸುತ್ತೇವೆ’ ಎನ್ನುವ ಏಜೆಂಟರ ಕೈಗೆ ನಿಮ್ಮ ಪಾಸ್‌ವರ್ಡ್ ಕೊಡಲೇಬೇಡಿ. ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಹಾಗಂತ ಬಿಲ್ಲುಗಳನ್ನೆಲ್ಲ ಒಲೆಗೆ ಹಾಕಬೇಡಿ. ಹೊಸ ಕೋಣೆ ಕಟ್ಟಿಸಿದ್ದು, ಮೇಲೊಂದು ಮಹಡಿ ಎಬ್ಬಿಸಿದ್ದು ಮುಂದೆ ಮನೆ ಮಾರುವಾಗ ಲಾಭದ ಲೆಕ್ಕಕ್ಕೆ ಬೇಕು. ಅಂಗಡಿಯ ನುಣುಪು ಕಾಗದದ ರಶೀದಿ ಬೇಗ ಮಾಸುತ್ತದೆ, ಅದರ ಫೋಟೋ ತೆಗೆದಿಡಿ.

ಸಾಲ ಮಾಡಿ ರಿಪೇರಿ ಮಾಡಿಸಿದ್ದರೆ ಅದರ ಬಡ್ಡಿಯನ್ನು ಶೇ. 30ರ ಮೇಲೆ ಬೇರೆಯಾಗಿ ಕಳೆಯಬಹುದು, ಅಸಲನ್ನಲ್ಲ. ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತನ್ನಿ. ಬಡ್ಡಿ ಕಳೆದು ನಷ್ಟ ಬಂದರೆ ಹಳೆ ತೆರಿಗೆ ಪದ್ಧತಿಯಲ್ಲಿ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಅದಿಲ್ಲ.

ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಅವರವರ ಪಾಲನ್ನು ಅವರವರ ರಿಟರ್ನ್‌ನಲ್ಲೇ ತೋರಿಸಿ. ಗಲ್ಫಿನಲ್ಲಿರುವ ಅನಿವಾಸಿ ಮಾಲೀಕರಿಗೆ ಐಟಿಆರ್-1 ಎಂಬ ಸರಳ ರಿಟರ್ನ್ ಫಾರ್ಮು ನಡೆಯದು. ಬೇರೆ ವ್ಯಾಪಾರ ಇಲ್ಲದಿದ್ದರೆ ಐಟಿಆರ್-2 ತುಂಬಬೇಕು.