ಬೆಳಿಗ್ಗೆ ಬನವಾಸಿ, ಮಧ್ಯಾಹ್ನ ಸೋಂದಾ: ಶಿರಸಿಯಿಂದ ಒಂದು ದಿನದ ಪಯಣ

ಶಿರಸಿಗೆ ಬರುವ ನೆಂಟರು ಬನವಾಸಿಯನ್ನೂ ಸೋಂದಾವನ್ನೂ ಒಂದೇ ದಿನದಲ್ಲಿ ನೋಡಬಹುದೇ ಎಂದು ಕೇಳುತ್ತಾರೆ. ಖಂಡಿತ ನೋಡಬಹುದು. ಬನವಾಸಿ ಶಿರಸಿಯಿಂದ ಆಗ್ನೇಯಕ್ಕೆ ಸುಮಾರು 23 ಕಿಲೋಮೀಟರ್, ಸೋಂದಾ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿವೆ. ದೂರ ಕಡಿಮೆಯೆಂದು ಸಲೀಸಾಗಿ ಹೊರಟವರು ಎರಡನೆಯ ಊರನ್ನು ಕತ್ತಲಲ್ಲಿ ನೋಡಿ ಬರುವುದುಂಟು. ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಹೊರಡುವ ಮುನ್ನವೇ ತೀರ್ಮಾನಿಸಿಕೊಂಡರೆ ಹಾಗಾಗುವುದಿಲ್ಲ.

ಮೊದಲು ಬನವಾಸಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಮ್ಮೆ ನಾನು ಅತಿಥಿಗಳನ್ನು ಕರೆದುಕೊಂಡು ಮೊದಲು ಸೋಂದಾಕ್ಕೆ ಹೋದೆ. ಬನವಾಸಿ ತಲುಪುವ ಹೊತ್ತಿಗೆ ಮುಸ್ಸಂಜೆಯಾಗಿ, ಮಧುಕೇಶ್ವರ ದೇವಾಲಯದ ಕಂಬಗಳ ಹೊಳಪು ಕಾಣಿಸಲೇ ಇಲ್ಲ. ಅಷ್ಟು ದೂರದಿಂದ ಬಂದವರಿಗೆ ಅದನ್ನು ತೋರಿಸಲಾಗಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಉಳಿದಿದೆ.

ಸ್ವಂತ ವಾಹನವಿದ್ದರೆ ಬೆಳಿಗ್ಗೆ ಏಳು ಗಂಟೆಗೆ ಶಿರಸಿ ಬಿಡಿ. ಬಸ್ಸಿನಲ್ಲಿ ಹೋಗುವವರು ಹಿಂದಿನ ಸಂಜೆಯೇ ನಿಲ್ದಾಣಕ್ಕೆ ಹೋಗಿ, ಬನವಾಸಿಯ ಮೊದಲ ಬಸ್ಸಿನ ಸಮಯವನ್ನೂ ಸೋಂದಾದಿಂದ ಮರಳುವ ಕೊನೆಯ ಬಸ್ಸಿನ ಸಮಯವನ್ನೂ ವಿಚಾರಿಸಿಕೊಳ್ಳಬೇಕು. ಬನವಾಸಿಯಿಂದ ಸೋಂದಾಕ್ಕೆ ಶಿರಸಿಯ ಮೇಲಿಂದಲೇ ಹೋಗಬೇಕಾಗುವುದರಿಂದ ಬಸ್ಸು ಬದಲಿಸುವುದು ತಪ್ಪದು. ಮೂರ್ನಾಲ್ಕು ಜನರಿದ್ದರೆ ಶಿರಸಿಯಲ್ಲೇ ಬಾಡಿಗೆ ಕಾರು ಮಾಡಿಕೊಳ್ಳುವುದು ಒಳ್ಳೆಯದು. ಕಾರವಾರ, ಕುಮಟಾ ಕಡೆಯವರು ದೇವಿಮನೆ ಘಟ್ಟ ಹತ್ತಿ ಬರಬೇಕಾದುದರಿಂದ, ಹಿಂದಿನ ರಾತ್ರಿಯೇ ಶಿರಸಿಗೆ ಬಂದು ತಂಗುವುದು ವಾಸಿ.

ವರದಾ ನದಿ ಬಳಸಿ ಹರಿಯುವ ಬನವಾಸಿ, 4ನೆಯ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ. ಆದರೆ ಊರು ಕದಂಬರಿಗಿಂತಲೂ ಹಳೆಯದು. ಇದಕ್ಕೆ ದೇವಾಲಯದ ಆವರಣದಲ್ಲೇ ಸಾಕ್ಷಿಯಿದೆ: ಐದು ಹೆಡೆಯ ನಾಗನ ಶಿಲ್ಪ. ಅದರ ಮೇಲಿರುವುದು ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ಕದಂಬರಿಗೂ ಮೊದಲು ಇಲ್ಲಿ ಆಳಿದ ಚುಟು ವಂಶದ, ಶಾತಕರ್ಣಿ ಹೆಸರಿನ ಅರಸನ ಮಗಳು ಕೊಟ್ಟ ದಾನವನ್ನು ಅದು ದಾಖಲಿಸುತ್ತದೆ. ಬಹಳ ಜನ ಇದರ ಮುಂದಿನಿಂದಲೇ ದಾಟಿ ಗರ್ಭಗುಡಿಯ ಕಡೆಗೆ ಧಾವಿಸುತ್ತಾರೆ. ದಯವಿಟ್ಟು ಇಲ್ಲಿ ಹತ್ತು ನಿಮಿಷ ನಿಲ್ಲಿ.

ಮಧುಕೇಶ್ವರ ದೇವಾಲಯವನ್ನು ಒಳಗಿನಿಂದ ಹೊರಕ್ಕೆ ನೋಡುತ್ತ ಬಂದರೆ ಅದು ಬೆಳೆದುಬಂದ ಬಗೆ ತಿಳಿಯುತ್ತದೆ. ಗರ್ಭಗುಡಿ ಅಲಂಕಾರವಿಲ್ಲದ ಸರಳ ಕಟ್ಟಡ. ಅಲ್ಲಿರುವ ಲಿಂಗದ ಬಣ್ಣ ಜೇನಿನಂತಿರುವುದರಿಂದಲೇ ಮಧುಕೇಶ್ವರ ಎಂಬ ಹೆಸರು ಬಂತೆನ್ನುತ್ತಾರೆ. ಮುಂದಿನ ಮಂಟಪಗಳು ಬೇರೆ ಬೇರೆ ಅರಸರ ಕಾಲದಲ್ಲಿ ಸೇರಿದವು. ನೃತ್ಯಮಂಟಪದ ತಿರುಗಣೆ ಕಂಬಗಳನ್ನು ಎಷ್ಟು ನಯಗೊಳಿಸಿದ್ದಾರೆಂದರೆ, ಬೆಳಗಿನ ಬೆಳಕಿನಲ್ಲಿ ಎದುರು ನಿಂತವರ ಪ್ರತಿಬಿಂಬ ಅವುಗಳಲ್ಲಿ ಮೂಡುತ್ತದೆ. ಅಲ್ಲಿರುವ ದೊಡ್ಡ ನಂದಿಯ ಒಂದು ಕಣ್ಣು ಮಧುಕೇಶ್ವರನನ್ನೂ ಇನ್ನೊಂದು ಕಣ್ಣು ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತದೆ ಎಂದು ಊರವರು ತೋರಿಸುತ್ತಾರೆ; ನಂದಿಯ ಹಿಂದೆ ನಿಂತು ದೃಷ್ಟಿಯ ನೇರವನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಪ್ರಾಕಾರದ ಸುತ್ತ ಅಷ್ಟದಿಕ್ಪಾಲಕರಿದ್ದಾರೆ; ಪ್ರದಕ್ಷಿಣೆ ಬರುತ್ತಲೇ ಅವರನ್ನು ದಿಕ್ಕಿನ ಕ್ರಮದಲ್ಲಿ ಗುರುತಿಸುತ್ತ ಹೋಗುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರಿಗೂ ಬೇಸರವಾಗದು.

ಕೊನೆಗೆ ಕಲ್ಲಿನ ಮಂಚಕ್ಕೆ ಬನ್ನಿ. ನಾಲ್ಕು ಕಾಲು, ಮೇಲೆ ಚಾವಣಿ, ಅಂಚು ಅಂಚಿನಲ್ಲೂ ಸೂಕ್ಷ್ಮ ಕುಸುರಿ ಇರುವ ಇದನ್ನು 17ನೆಯ ಶತಮಾನದಲ್ಲಿ ಸೋದೆಯ, ಅಂದರೆ ಸೋಂದಾದ, ಅರಸರು ದೇವರಿಗೆ ಅರ್ಪಿಸಿದರು. ಈ ಎರಡು ಊರುಗಳನ್ನು ಒಂದೇ ದಿನದಲ್ಲಿ ನೋಡಬೇಕೆಂದು ನಾನು ಒತ್ತಾಯಿಸುವುದು ಈ ಮಂಚದ ಕಾರಣದಿಂದಲೇ. ಕದಂಬರು ಅಳಿದು ಸಾವಿರ ವರ್ಷ ಕಳೆದ ಮೇಲೆ, ಕಾಡಿನಾಚೆಯ ಒಂದು ಚಿಕ್ಕ ಅರಸುಮನೆ ಹಳೆಯ ರಾಜಧಾನಿಯ ದೇವರಿಗೆ ತನ್ನಲ್ಲಿದ್ದ ಅತ್ಯುತ್ತಮ ಶಿಲ್ಪಿಗಳ ಕೆಲಸವನ್ನು ಒಪ್ಪಿಸಿತು. ಇದನ್ನು ಬೆಳಿಗ್ಗೆ ಕಣ್ತುಂಬ ನೋಡಿದವರಿಗೆ ಮಧ್ಯಾಹ್ನ ಸೋಂದಾದ ಪಾಳು ಕೋಟೆ ಬರೀ ಕಲ್ಲುರಾಶಿಯಾಗಿ ಕಾಣುವುದಿಲ್ಲ.

ಬನವಾಸಿಗೆ ಮೂರು ಗಂಟೆ ಬೇಕು. ಹತ್ತಿರದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಾಲದ ಶಾಸನವೂ ದೊಡ್ಡ ಕೆರೆಯೂ ಇವೆ, ಆದರೆ ಅದನ್ನು ಈ ದಿನಕ್ಕೆ ಸೇರಿಸಿಕೊಂಡರೆ ಸೋಂದಾ ಕೈತಪ್ಪುತ್ತದೆ. ದಾರಿಬದಿಯಲ್ಲಿ ಈ ಭಾಗದ ಅನಾನಸು ಮಾರಾಟಕ್ಕಿದ್ದರೆ ಕೊಂಡುಕೊಳ್ಳಿ, ಅಷ್ಟು ಸಾಕು. ಹತ್ತೂಮುಕ್ಕಾಲಿಗೆ ಬನವಾಸಿ ಬಿಟ್ಟರೆ ಹನ್ನೆರಡು ದಾಟುವ ಹೊತ್ತಿಗೆ ಸೋಂದಾ ಸೇರಬಹುದು.

ಹೆಸರಿನ ಬಗ್ಗೆ ಒಂದು ಮಾತು: ಸೋಂದಾ, ಸೋದೆ, ಸ್ವಾದಿ ಮೂರೂ ಒಂದೇ ಊರು. ಫಲಕದಲ್ಲಿ ಒಂದು, ಮಠದ ಹೆಸರಿನಲ್ಲಿ ಇನ್ನೊಂದು ಕಂಡು ಗಲಿಬಿಲಿಗೊಳ್ಳಬೇಕಾಗಿಲ್ಲ.

ಇಲ್ಲಿ ಮೊದಲು ವಾದಿರಾಜ ಮಠಕ್ಕೆ ಹೋಗಿ. ಉಡುಪಿಯ ಪರ್ಯಾಯವನ್ನು, ಅಂದರೆ ಅಲ್ಲಿನ ಮಠಗಳು ಸರದಿಯಂತೆ ಕೃಷ್ಣಪೂಜೆ ನಡೆಸುವ ಪದ್ಧತಿಯನ್ನು, ಎರಡು ವರ್ಷಗಳ ಅವಧಿಗೆ ವಿಸ್ತರಿಸಿದ ದ್ವೈತ ಯತಿ ವಾದಿರಾಜರು ಸೋದೆಯ ಅರಸ ಅರಸಪ್ಪ ನಾಯಕನ ಕಾಲದಲ್ಲಿ ಇಲ್ಲಿ ನೆಲೆಸಿದರು; ಅವರ ಬೃಂದಾವನವೂ ಧವಳಗಂಗೆ ಎಂಬ ಕೊಳವೂ ರಮಾತ್ರಿವಿಕ್ರಮ ದೇವಾಲಯವೂ ಇಲ್ಲಿವೆ. ಮಠದಲ್ಲಿ ಮಧ್ಯಾಹ್ನ ಪ್ರಸಾದ ಭೋಜನವಿರುವುದರಿಂದ ಊಟಕ್ಕೆ ಬೇರೆಡೆ ಅಲೆಯಬೇಕಾಗಿಲ್ಲ. ಗಂಡಸರು ಅಂಗಿ ತೆಗೆದು ಒಳಹೋಗುವ ಪದ್ಧತಿ ಇರುವುದರಿಂದ ಒಂದು ಪಂಚೆ, ಶಲ್ಯ ಚೀಲದಲ್ಲಿರಲಿ. ಫಾಲ್ಗುಣ ಬಹುಳ ತದಿಗೆಯ ಆರಾಧನೆಯ ದಿನಗಳಲ್ಲಿ ಇಲ್ಲಿ ಭಾರೀ ಜನಸಂದಣಿ. ಇತಿಹಾಸ ನೋಡಲೆಂದೇ ಬರುವವರು ಆ ವಾರವನ್ನು ಬಿಡಬೇಕು. ಇದೇ ಸೀಮೆಯಲ್ಲಿ ಅದ್ವೈತ ಪರಂಪರೆಯ ಸ್ವರ್ಣವಲ್ಲೀ ಮಠವೂ ಸ್ವಾದಿಯ ಜೈನ ಮಠವೂ ಇವೆ. ಒಂದು ಚಿಕ್ಕ ರಾಜಧಾನಿಯ ಸುತ್ತ ಮೂರು ಪಂಥಗಳ ಮಠಗಳು ಉಳಿದು ಬಂದಿರುವುದು ಸೋಂದಾದ ದೊಡ್ಡ ವಿಶೇಷ.

ಊಟವಾದ ಮೇಲೆ ಕೋಟೆಗೆ ಹೊರಡಿ. ದಾರಿಯನ್ನು ಮೊಬೈಲಿನಲ್ಲಿ ಹುಡುಕುವುದಕ್ಕಿಂತ ಮಠದ ಬಳಿ ಊರವರನ್ನು ಕೇಳುವುದು ಮೇಲು. ಶಾಲ್ಮಲಾ ನದಿಯ ಕಡೆಗಿರುವ ಈ ಕೋಟೆಯಲ್ಲಿ ಅರಮನೆಯ ಗುರುತಾಗಿ ಉಳಿದಿರುವುದು ಬಲು ಕಡಿಮೆ. ಕೆತ್ತನೆಯ ಗಿಡ್ಡ ಕಂಬಗಳ ಮೇಲೆ ನಿಂತಿರುವ, ಚೌಕಾಕಾರದ, ಸಮತಟ್ಟಾದ ಒಂದು ಭಾರೀ ಚಪ್ಪಡಿಯನ್ನು ಸ್ಥಳೀಯರು ಸಿಂಹಾಸನವೆಂದು ಕರೆಯುತ್ತಾರೆ. ಅದರ ಕಂಬಗಳ ಕೆತ್ತನೆಯನ್ನು ಬೆಳಿಗ್ಗೆ ನೋಡಿದ ಮಂಚದೊಂದಿಗೆ ಮನಸ್ಸಿನಲ್ಲೇ ಹೋಲಿಸಿ ನೋಡಿ. 1760ರ ದಶಕದಲ್ಲಿ ಹೈದರಾಲಿಯ ಸೈನ್ಯ ಸೋದೆಯನ್ನು ಹಿಡಿದಾಗ ಅರಸನು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. ವಂಶದವರು ಅಲ್ಲೇ ನೆಲೆಸಿದರು. ಒಡೆಯರಿಲ್ಲದೆ ಎರಡೂವರೆ ಶತಮಾನ ಕಾಡಿನೊಳಗೆ ಉಳಿದ ಈ ಕಲ್ಲುಗಳ ಮೇಲೆ ಹತ್ತುವುದಾಗಲೀ ಹೆಸರು ಗೀಚುವುದಾಗಲೀ ಸಲ್ಲದು. ಪೊದೆಗಳಿರುವುದರಿಂದ ಕಾಲು ಮುಚ್ಚುವ ಪಾದರಕ್ಷೆ ಧರಿಸಿ, ಒಬ್ಬೊಬ್ಬರೇ ಒಳಗೆ ಹೋಗಬೇಡಿ.

ಮೂರೂವರೆಯೊಳಗೆ ಕೋಟೆ ಮುಗಿದರೆ ಮರಳುವಾಗ ಯಲ್ಲಾಪುರ ರಸ್ತೆಯಿಂದ ಒಳಕ್ಕೆ ತಿರುಗಿ ಸಹಸ್ರಲಿಂಗ ನೋಡಬಹುದು. ಶಾಲ್ಮಲೆಯ ಪಾತ್ರದಲ್ಲಿನ ಬಂಡೆಗಳ ಮೇಲೆ ಕೆತ್ತಿರುವ ಆ ಲಿಂಗಗಳನ್ನೂ ಸೋದೆಯ ಅರಸರೇ ಮಾಡಿಸಿದರೆಂಬುದು ರೂಢಿಯ ಮಾತು. ನೀರು ಇಳಿದಿರುವ ನವೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲಿ ಮಾತ್ರ ಅವು ಚೆನ್ನಾಗಿ ಕಾಣುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬಿ ಅವು ಮುಳುಗುತ್ತವೆ. ಪಾಚಿಗಟ್ಟಿದ ಬಂಡೆಗಳು ಅಪಾಯಕಾರಿ, ಆಗ ನೀರಿಗೆ ಇಳಿಯಲೇಬಾರದು. ಬಸ್ಸನ್ನು ನಂಬಿ ಬಂದವರು ಇದನ್ನು ಕೈಬಿಟ್ಟು, ಸೋಂದಾದಿಂದ ನೇರ ಶಿರಸಿಗೆ ಮರಳುವುದು ಕ್ಷೇಮ.