ಬೆಂಚಿನ ಮೇಲೆ ಕೂತವರ ಒತ್ತಡ ಅಳೆದದ್ದು

ಮಾತು ತಡವಾದ ಮಕ್ಕಳಿಗೆ ಥೆರಪಿ ಕೊಡುವುದು ನನ್ನ ಕೆಲಸ. ಮಗು ಒಳಗಿದ್ದಾಗ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. "ನೀವು ಹೇಗಿದ್ದೀರಾ?" ಅಂದರೆ ಸಿಗುವ ಉತ್ತರ ಒಂದೇ: "ನಮ್ದೇನಿದೆ ಮೇಡಂ, ಇವನು ಮಾತಾಡಿದ್ರೆ ಸಾಕು."

ಅದಕ್ಕೇ ಕೇಳುವ ರೀತಿ ಬದಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಅಂತ ಐದು ಪ್ರಶ್ನೆಗಳಿವೆ. ಕಳೆದ 2 ವಾರ ಮನಸ್ಸು ಉಲ್ಲಾಸವಾಗಿತ್ತಾ, ಬೆಳಿಗ್ಗೆ ಏಳುವಾಗ ಆಯಾಸ ಕಳೆದಿತ್ತಾ, ಇಂಥವು. ಪ್ರತಿಯೊಂದಕ್ಕೂ 0ಯಿಂದ 5 ಅಂಕ. ಕೂಡಿ 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಸಿಗುತ್ತದೆ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೂತು ಮಾತಾಡುತ್ತೇನೆ. 28ರ ಹತ್ತಿರ ಇಳಿದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಡುತ್ತೇನೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆದರೆ 2 ವಾರದ ಲೆಕ್ಕದಲ್ಲಿ ಯಾವ ದಿನ ಏನಾಯ್ತು ಅನ್ನುವುದು ಕಾಣುವುದಿಲ್ಲ. ಅದಕ್ಕೆ ದಿನದ ಚೀಟಿ. ಮಲಗುವ ಮುಂಚೆ ಇವತ್ತಿನ ಒತ್ತಡ ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಒಂದು ಸಾಲು ಕಾರಣ, ಅಷ್ಟೇ. ಹೆಸರು ಬರೆಸುವುದಿಲ್ಲ. ಮನೆಯಲ್ಲಿ ಯಾರ ಕೈಗಾದರೂ ಸಿಕ್ಕರೆ ಅನ್ನುವ ಭಯ ಇದ್ದೇ ಇರುತ್ತದಲ್ವಾ. ಅರಿಶಿನದ ಬೆರಳಚ್ಚು ಇದ್ದ ಒಂದು ಚೀಟಿಯಲ್ಲಿ ಹೀಗಿತ್ತು: "8. ನಿದ್ದೆ 4. ನೆಂಟರು ಬಂದಿದ್ರು. ಇನ್ನೂ ಮಾತು ಬಂದಿಲ್ವಾ ಅಂದ್ರು."

ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನೆಂಟರಷ್ಟೇ ಜಾಸ್ತಿ ಕಂಡದ್ದು ನಾನೇ ಕೊಟ್ಟ ಹೋಂವರ್ಕ್! ಅಡುಗೆಮನೆ ಕೆಲಸ ಮುಗಿಸಿ, ನಿದ್ದೆಗಣ್ಣಿನ ಮಗುವನ್ನು ಕೂರಿಸಿಕೊಂಡು ಚಿತ್ರದ ಕಾರ್ಡ್ ತೋರಿಸುವ ಕೆಲಸ. ಎಷ್ಟೋ ಜನರಿಗೆ ಅದನ್ನು ಪೂರ್ತಿ ನಿಲ್ಲಿಸಿದೆ. ಸ್ನಾನ ಮಾಡಿಸುವಾಗ "ನೀರು ಹಾಕ್ಲಾ?", ಊಟಕ್ಕೆ "ಇನ್ನೂ ಬೇಕಾ?" ಅಂತ ಕೇಳಿ ಸ್ವಲ್ಪ ಕಾಯಿರಿ ಅಂದೆ. ಮಾತು ಕಲಿಯುವುದಕ್ಕೆ ಇದೂ ಒಳ್ಳೆಯ ದಾರಿಯೇ.

ಅಪ್ಪಂದಿರು ಚೀಟಿ ಮುಟ್ಟಲಿಲ್ಲ. ವಾಟ್ಸಾಪ್‌ನಲ್ಲಿ ಸುಮ್ನೆ ಒಂದು ಅಂಕಿ ಕಳಿಸಿ ಅಂದೆ, ಕಳಿಸಿದರು. ಕೆಲವರು ಜೊತೆಗೆ ಉದ್ದದ ವಾಯ್ಸ್ ಮೆಸೇಜ್ ಕೂಡ ಹಾಕುತ್ತಾರೆ, ಹೆಚ್ಚಾಗಿ ದುಡ್ಡಿನ ವಿಷಯ.

ವರ್ಷಪೂರ್ತಿ ಬರೆಸಿದರೆ ಅದೇ ಇನ್ನೊಂದು ಹೊರೆ. ಸೇರಿದ ಮೊದಲ ತಿಂಗಳು, ಆಮೇಲೆ ಶಾಲೆ ಶುರುವಾಗುವ ಜೂನ್, ಅಷ್ಟಕ್ಕೇ ಚೀಟಿ. ಜೂನ್‌ನ ಚೀಟಿಗಳಲ್ಲಿ 5ಕ್ಕಿಂತ ಕೆಳಗಿನ ಅಂಕಿ ಸಿಗುವುದೇ ಅಪರೂಪ.